ಮಲೆನಾಡಿನ ಮಳೆಗಾಲ, ನಮ್ಮ ಸರ್ವರ್ ರೂಮು

"ಹೊರಗೇ ಇಷ್ಟು ತಂಪಿದೆಯಲ್ಲ ಮಾರಾಯ, ಎಸಿ ಯಾಕೆ? ಕಿಟಕಿ ತೆಗೆದಿಡು." ಜುಲೈ ಬಂದರೆ ಯಾರಾದರೊಬ್ಬರು ಈ ಮಾತು ಹೇಳಿಯೇ ಹೇಳುತ್ತಾರೆ.

ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿದ ನನಗೆ ಈಗ ಶಿವಮೊಗ್ಗದಲ್ಲಿ, ಹಗಲೂ ರಾತ್ರಿ ಓಡಿ ಬಿಸಿಯಾಗುವ ಸರ್ವರ್ ಕಂಪ್ಯೂಟರುಗಳನ್ನಿಟ್ಟ ಒಂದು ಸಣ್ಣ ಡೇಟಾ ಸೆಂಟರ್‌ನಲ್ಲಿ ಕರೆಂಟು, ಕೂಲಿಂಗ್ ನೋಡಿಕೊಳ್ಳುವ ಕೆಲಸ. ಇಲ್ಲಿ ಮಳೆಗಾಲದ ಗಾಳಿ ತಂಪು ನಿಜ, ಆದರೆ ಪೂರ್ತಿ ತೇವ. ಕಿಟಕಿ ತೆಗೆದರೆ ಆ ತೇವ ತಣ್ಣಗಿರುವ ಪೈಪು, ತಗಡಿನ ಮೇಲೆ ನೀರಾಗಿ ಕೂರುತ್ತದೆ. ಸರ್ವರ್ ಒಳಗೆ ಹೋಗುವ ಗಾಳಿ 18ರಿಂದ 27 ಡಿಗ್ರಿ ಇದ್ದರೆ ಸಾಕು. ನಾನು 24ರ ಆಸುಪಾಸು ಇಡುತ್ತೇನೆ. ಇನ್ನೂ ಇಳಿಸಿದರೆ ಬಿಲ್ಲೂ ಜಾಸ್ತಿ, ಪೈಪು ಬೆವರುವುದೂ ಜಾಸ್ತಿ.

ತಾಪ, ತೇವ ಎರಡನ್ನೂ ಹಿಡಿತದಲ್ಲಿಡುವ ನಮ್ಮ ಪ್ರಿಸಿಷನ್ ಎಸಿಯ ತಣ್ಣನೆಯ ಕಾಯಿಲ್ ಗಾಳಿಯಲ್ಲಿರುವ ನೀರನ್ನು ಇಳಿಸುತ್ತದೆ. ಗಾಳಿ ತೀರಾ ತಣ್ಣಗಾದರೆ ಒಳಗಿನ ಹೀಟರ್ ತುಸು ಬೆಚ್ಚಗೆ ಮಾಡಿ ಬಿಡುತ್ತದೆ. ಎಸಿಯೊಳಗೆ ಹೀಟರ್ ಅಂದರೆ ಹೊಸ ಹುಡುಗರು ನಗುತ್ತಾರೆ! ಇಳಿದ ನೀರು ಹೋಗುವ ಡ್ರೈನ್ ಪೈಪಿನಲ್ಲಿ ಪಾಚಿ ಕಟ್ಟುತ್ತದೆ. ಟ್ರೇಗೆ ಒಂದು ಚೊಂಬು ನೀರು ಸುರಿದು ಆಚೆ ತುದಿಗೆ ಹೋಗಿ ನೋಡುತ್ತೇನೆ. ದಾರದ ಹಾಗೆ ಸಣ್ಣಗೆ ಬಂದರೆ ಪೈಪಿಗೆ ಗಾಳಿ ಊದುವ ಬ್ಲೋಅರ್ ಹಿಡಿಯಲೇಬೇಕು.

ಇನ್ನು ಕರೆಂಟು. ಲೈನಿನ ಮೇಲೆ ಕೊಂಬೆ ಬಿದ್ದರೆ ಸುಮ್ನೆ ಹೋಗಿಬಿಡುವುದಿಲ್ಲ. ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಜನರೇಟರ್ ಶುರುವಾಗಿ ಲೋಡ್ ಹೊರುವ ತನಕ, ಆ ಹತ್ತಿಪ್ಪತ್ತು ಸೆಕೆಂಡು, ಭಾರವೆಲ್ಲ ಯುಪಿಎಸ್ ಬ್ಯಾಟರಿ ಮೇಲೆ. ಕರೆಂಟು ಬಂದ ಕೂಡಲೇ ವಾಪಸ್ ಲೈನಿಗೆ ಹೋದರೆ ಪ್ರತಿ ಸಲವೂ ಬ್ಯಾಟರಿಗೇ ಪೆಟ್ಟು, ಚಾರ್ಜ್ ಆಗಲು ಪುರಸೊತ್ತೇ ಸಿಗುವುದಿಲ್ಲ. ಅದಕ್ಕೇ ಮಳೆಗಾಲದಲ್ಲಿ ಜನರೇಟರಿನಿಂದ ಲೈನಿಗೆ ಮರಳಿಸುವ ಚೇಂಜ್‌ಓವರ್ ಟೈಮರ್ ಜಾಸ್ತಿ ಇಡುತ್ತೇನೆ. ಲೈನ್ 15 ನಿಮಿಷ ನೆಟ್ಟಗೆ ನಿಂತರೆ ಮಾತ್ರ ವಾಪಸ್. ಡೀಸೆಲ್ ಖರ್ಚು ಕೇಳಿದವರಿಗೆ ಬ್ಯಾಟರಿ ರೇಟು ಹೇಳುತ್ತೇನೆ, ಸುಮ್ಮನಾಗುತ್ತಾರೆ.

ಡೀಸೆಲ್ ಟ್ಯಾಂಕು ಅರ್ಧ ಖಾಲಿ ಇದ್ದರೆ ಒಳಗೆ ತೇವ ಸೇರಿ ತಳದಲ್ಲಿ ನೀರು ನಿಲ್ಲುತ್ತದೆ. ಡೀಸೆಲಿನ ನೀರು ಬೇರ್ಪಡಿಸುವ ಸೆಪರೇಟರ್‌ನಿಂದ ಗಾಜಿನ ಬಾಟಲಿಗೆ ಸ್ವಲ್ಪ ಬಿಟ್ಟರೆ ಕೆಳಗೆ ನೀರು, ಮೇಲೆ ಡೀಸೆಲ್, ನಡುವೆ ಗೆರೆ ಸ್ಪಷ್ಟ ಕಾಣುತ್ತದೆ. ಜೂನ್‌ಗೆ ಮೊದಲೇ ಟ್ಯಾಂಕು ತುಂಬಿಸಿಡುವುದು ವಾಸಿ.

ಬ್ಯಾಟರಿ ವಿಷಯದಲ್ಲಿ ಮೀಟರ್ ನಂಬಬೇಡಿ. ಚಾರ್ಜಿನಲ್ಲಿರುವಾಗ ಸತ್ತ 12 ವೋಲ್ಟ್ ಬ್ಯಾಟರಿಯೂ 13.5 ತೋರಿಸಬಹುದು. ಲೋಡ್ ಕೊಟ್ಟಾಗಲೇ ಬಣ್ಣ ಬಯಲು. ಒಂದಕ್ಕೊಂದು ಜೋಡಿಸಿದ ಸಾಲಿನಲ್ಲಿ ಒಂದು ಬ್ಯಾಟರಿ ಕುಸಿದರೆ ಇಡೀ ಸಾಲೇ ಕುಸಿಯುತ್ತದೆ. "ಅದೊಂದನ್ನೇ ಬದಲಿಸಿದರೆ ಆಗಲ್ವಾ?" ಅನ್ನುತ್ತಾರೆ. ಉಳಿದವೂ ಹಳೆಯವಾಗಿದ್ದರೆ ನಾನು ಒಪ್ಪುವುದಿಲ್ಲ. ಹೊಸದಕ್ಕೂ ಹಳೆಯದಕ್ಕೂ ಚಾರ್ಜ್ ಹೊಂದುವುದಿಲ್ಲ. ಪೂರ್ತಿ ಸೆಟ್ಟೇ ಬೇಕು ಅಂತ ಬರೆದುಕೊಡುತ್ತೇನೆ.