ಮ್ಯಾನೇಜರಿಗೆ ಹೇಳುವವರು ಒಬ್ಬರೇ ಇರಲಿ

ಮುಂಬಯಿಯ ಹೌಸಿಂಗ್ ಸೊಸೈಟಿಯಲ್ಲಿ ಫ್ಲ್ಯಾಟ್ ಇದ್ದವರೆಲ್ಲ ಮೆಂಬರು, ಮೆಂಬರುಗಳೆಲ್ಲ ಮಾಲೀಕರು. ನೂರು ಫ್ಲ್ಯಾಟಿನ ಸೊಸೈಟಿ ಎಂದರೆ ವಾಚ್‌ಮನ್‌ಗೆ ನೂರು ಯಜಮಾನರು. ಅದರ ಮೇಲೆ ಮೆಂಬರುಗಳೇ ಆರಿಸಿದ ಕಮಿಟಿಯ ಒಬ್ಬೊಬ್ಬರೂ ಒಂದೊಂದು ಹೇಳತೊಡಗಿದರೆ ಯಾವ ಮ್ಯಾನೇಜರೂ ನಿಲ್ಲುವುದಿಲ್ಲ. ನಿಂತರೆ ಇನ್ನೂ ಅಪಾಯ, ಏಕೆಂದರೆ ಅಷ್ಟರಲ್ಲಿ ಆತ ಯಾರದ್ದೋ ಪಾರ್ಟಿ ಸೇರಿರುತ್ತಾನೆ.

ಆದ್ದರಿಂದ ನಮ್ಮಲ್ಲಿ ಮ್ಯಾನೇಜರಿಗೆ ಕೆಲಸ ಹೇಳುವ ಅಧಿಕಾರ ಸೆಕ್ರೆಟರಿಗೆ ಮಾತ್ರ. ಅವರು ಊರಲ್ಲಿಲ್ಲದಾಗ ಯಾರು ಎಂಬುದೂ ನಡಾವಳಿ ಪುಸ್ತಕದಲ್ಲಿರುತ್ತದೆ. ಚೇರ್ಮನ್ ಕೂಡ ಸೆಕ್ರೆಟರಿ ಮೂಲಕವೇ ಹೇಳಬೇಕು. ಕೆಲವು ಚೇರ್ಮನ್‌ಗಳಿಗೆ ಇದು ಸಿಟ್ಟು ತರಿಸುತ್ತದೆ, ತರಿಸಲಿ. ವಾಚ್‌ಮನ್‌ಗಳು ಏಜೆನ್ಸಿಯವರಾದರೆ ಮ್ಯಾನೇಜರ್ ಮಾತಾಡಬೇಕಾದದ್ದು ಏಜೆನ್ಸಿಯ ಸೂಪರ್‌ವೈಸರ್ ಹತ್ತಿರ.

ಹಣದ ಮಿತಿಯನ್ನೂ ಬರೆದೇ ಇಡಬೇಕು. ನಾವು ಇಟ್ಟುಕೊಂಡದ್ದು ಹೀಗೆ: ಬಲ್ಬು, ನಲ್ಲಿ, ಫಿನಾಯಿಲ್‌ನಂಥ ಖರ್ಚಿಗೆ ಮ್ಯಾನೇಜರ್ ಒಂದು ಸಲಕ್ಕೆ 2,000 ರೂಪಾಯಿವರೆಗೆ ಯಾರನ್ನೂ ಕೇಳಬೇಕಿಲ್ಲ, 10,000ದವರೆಗೆ ಸೆಕ್ರೆಟರಿ ಒಪ್ಪಿಗೆ ಸಾಕು, ಅದಕ್ಕೂ ಮೇಲಿನದು ಮೂರು ಕೊಟೇಶನ್ ಜೊತೆ ಕಮಿಟಿಗೆ. ಕೊಟೇಶನ್ ಲಕೋಟೆ ಒಡೆಯುವುದು ಸಭೆಯಲ್ಲಿ, ಆಫೀಸಿನಲ್ಲಲ್ಲ. ಮ್ಯಾನೇಜರ್ ಚೆಕ್ಕಿಗೆ ಸಹಿ ಹಾಕುವಂತಿಲ್ಲ. ಇದು ಆತನ ಮೇಲಿನ ಅನುಮಾನವಲ್ಲ, ಆತನಿಗೆ ರಕ್ಷಣೆ. ಕಮಿಟಿಯವರ ಭಾವಮೈದನ ಪೇಂಟಿಂಗ್ ಕಂಟ್ರಾಕ್ಟಿಗೆ ಒತ್ತಡ ಬಂದಾಗ ‘ನನ್ನ ಕೈಯಲ್ಲಿಲ್ಲ ಸಾರ್’ ಎನ್ನಲು ಒಂದು ಕಾಗದ ಬೇಕು. ಮೆಂಬರುಗಳು ಕಟ್ಟದೆ ಉಳಿಸಿದ ಬಿಲ್ಲಿನ ಬಡ್ಡಿಯೂ ಹಾಗೆಯೇ. ಮಹಾರಾಷ್ಟ್ರದ ಮಾದರಿ ಬೈಲಾ, ಅಂದರೆ ಸೊಸೈಟಿಗಳಿಗೆ ಸರ್ಕಾರ ಕೊಟ್ಟ ನಿಯಮಾವಳಿ, ಒಂದು ಮಿತಿಯವರೆಗೆ ಬಿಡುತ್ತದೆ, ಅದರೊಳಗೆ ದರ ಗೊತ್ತುಮಾಡುವುದು ಮೆಂಬರುಗಳೆಲ್ಲ ಸೇರುವ ಸಾಮಾನ್ಯ ಸಭೆ. ಅದನ್ನು ಮನ್ನಾ ಮಾಡಲು ಕೌಂಟರಿನಲ್ಲಿ ಕೂತ ಅಕೌಂಟೆಂಟನ್ನು ಪೀಡಿಸಿ ಪ್ರಯೋಜನವಿಲ್ಲ ಎಂದು ನೋಟಿಸ್ ಬೋರ್ಡಿನಲ್ಲೇ ಹಾಕಿ.

ದಿನನಿತ್ಯದ ತಂಟೆ ಹೆಚ್ಚಾಗಿ ನೀರಿನದು. ಮುನಿಸಿಪಾಲಿಟಿ ನೀರು ಗೊತ್ತಾದ ಹೊತ್ತಿಗೆ ಬಂದು ಕೆಳಗಿನ ಟ್ಯಾಂಕಿಗೆ ಬೀಳುತ್ತದೆ, ಅಲ್ಲಿಂದ ಪಂಪು ಮೇಲಕ್ಕೆ ಏರಿಸಬೇಕು. ಮೇಲಿನ ಮಹಡಿಯವರು ಫೋನ್ ಮಾಡಿ ‘ಪಂಪ್ ಹಾಕು’ ಅನ್ನುತ್ತಾರೆ, ವಾಚ್‌ಮನ್ ಹಾಕುತ್ತಾನೆ, ಕೆಳಗಿನ ಟ್ಯಾಂಕಿನಲ್ಲಿ ನೀರಿಲ್ಲ. ಒಣಪಂಪು ಓಡಿ ಸೀಲ್ ಸುಟ್ಟರೆ ಬೈಗುಳ ಮಾತ್ರ ಅವನಿಗೆ. ಪ್ಯಾನೆಲ್ ಪಕ್ಕದಲ್ಲೊಂದು ಪುಸ್ತಕ ತೂಗುಹಾಕಿ, ಟ್ಯಾಂಕಿನ ಮಟ್ಟ, ಹಾಕಿದ ಹೊತ್ತು, ನಿಲ್ಲಿಸಿದ ಹೊತ್ತು, ಸಹಿ ಎಂಬ ನಾಲ್ಕು ಕಾಲಮ್ ಎಳೆಯಿರಿ. ವೇಳಾಪಟ್ಟಿ ಬಿಟ್ಟು ಪಂಪು ಹಾಕಲು ಯಾರು ಹೇಳಿದರೋ ಅವರ ಫ್ಲ್ಯಾಟ್ ನಂಬರೂ ಅಲ್ಲೇ ಬರೆಯಬೇಕು. ನಂಬರು ಬರೆಯುತ್ತಾರೆ ಎಂದು ಗೊತ್ತಾದ ಮೇಲೆ ಫೋನುಗಳು ತಾವಾಗಿಯೇ ಕಡಿಮೆಯಾಗುತ್ತವೆ.

ಇನ್ನೊಂದು ಕಾರು ತೊಳೆಯುವುದು. ರಾತ್ರಿ ಪಾಳಿಯ ವಾಚ್‌ಮನ್ ಬೆಳಗಿನ ಜಾವ ಐದರಿಂದ ಕಾರು ತೊಳೆಯಲು ಹೋಗುತ್ತಾನೆ, ಹಾಲು ಪೇಪರಿನವರು ಬರುವ ಹೊತ್ತಿಗೇ ಗೇಟು ಖಾಲಿ. ತೊಳೆಸುವವರಲ್ಲಿ ಕಮಿಟಿಯವರೂ ಇರುವುದರಿಂದ ಬರಿಯ ನಿಷೇಧ ನಡೆಯುವುದಿಲ್ಲ. ಆತನ ಸಂಬಳಕ್ಕೆ ಅದು ಆಸರೆ ಎಂಬುದೂ ನಿಜ. ಪಾಳಿ ಏಳಕ್ಕೆ ಮುಗಿದ ಮೇಲೆ ತೊಳೆಯಲಿ ಎಂದು ಗೊತ್ತುಮಾಡಿದರೆ ಇಬ್ಬರಿಗೂ ಒಗ್ಗುತ್ತದೆ.

ಸ್ಟಾಫ್ ಮೇಲಿನ ದೂರು ಬರವಣಿಗೆಯಲ್ಲಿ, ಸೆಕ್ರೆಟರಿ ಹೆಸರಿಗೆ ಬರಲಿ. ಗೇಟಿನಲ್ಲಿ ನಿಂತು ಬೈಯುವಂತಿಲ್ಲ, ಮೆಂಬರುಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಫೋಟೋ ಹಾಕುವಂತಿಲ್ಲ. ಆ ಗುಂಪಿಗೆ ಮ್ಯಾನೇಜರನ್ನು ಸೇರಿಸಲೇಬೇಡಿ, ರಾತ್ರಿ ಹನ್ನೊಂದಕ್ಕೂ ಉತ್ತರ ಕೇಳುತ್ತಾರೆ. ಕಳ್ಳತನ, ಕುಡಿತ, ಕೈಮಾಡುವುದು ಬಿಟ್ಟರೆ ಮಿಕ್ಕ ಯಾವುದಕ್ಕೂ ಕೆಲಸದವನ ಮಾತು ಕೇಳದೆ ‘ನಾಳೆಯಿಂದ ಬರಬೇಡ’ ಅನ್ನುವಂತಿಲ್ಲ.

ಏಜೆನ್ಸಿ ಬಿಲ್ಲಿನ ವಿಷಯದಲ್ಲಿ ಕಮಿಟಿಗಳು ಹೆಚ್ಚು ಎಡವುತ್ತವೆ. ಅಗ್ಗದ ಕೊಟೇಶನ್ ಎಂದರೆ ಎಷ್ಟೋ ಸಲ ಪಿಎಫ್ ಕಟ್ಟದ ಕೊಟೇಶನ್. ಪಿಎಫ್ ನೌಕರ, ಏಜೆನ್ಸಿ ಎರಡೂ ಕಡೆಯಿಂದ ಸಂಬಳದ ತಲಾ ಶೇ. 12, ಆರೋಗ್ಯ ವಿಮೆಯ ಇಎಸ್‌ಐ ನೌಕರನಿಂದ ಶೇ. 0.75, ಏಜೆನ್ಸಿಯಿಂದ ಶೇ. 3.25. ಏಜೆನ್ಸಿ ಕಟ್ಟದಿದ್ದರೆ ವಸೂಲಿ ಸೊಸೈಟಿಯ ತಲೆಗೆ ಬರಬಹುದು. ಪ್ರತಿ ಬಿಲ್ಲಿನ ಜೊತೆ ಹಿಂದಿನ ತಿಂಗಳು ಇವನ್ನು ಕಟ್ಟಿದ ಚಲನ್ ಮತ್ತು ನೌಕರರ ಹೆಸರಿನ ಪಟ್ಟಿ ತರಿಸಿ, ನಮ್ಮ ಗೇಟಿನಲ್ಲಿ ದುಡಿದವರ ಹೆಸರು ಅದರಲ್ಲಿದೆಯೇ ಎಂದು ಮ್ಯಾನೇಜರ್ ಹಾಜರಿ ಪುಸ್ತಕದೊಂದಿಗೆ ತಾಳೆ ನೋಡಬೇಕು. ಬರಿಯ ಚಲನ್ ಸಾಲದು, ಅದು ಬೇರೆ ಕಟ್ಟಡದ ಜನರದ್ದೂ ಆಗಿರಬಹುದು.

ಕಮಿಟಿ ತಿಂಗಳಿಗೊಮ್ಮೆಯಾದರೂ ಸೇರಬೇಕೆಂಬುದು ಬೈಲಾ. ಮೂರು ದಿನ ಮುಂಚೆ ಮ್ಯಾನೇಜರ್ ಒಂದು ಪುಟದ ವರದಿ ಕೊಡುತ್ತಾನೆ: ಬ್ಯಾಂಕಿನ ಶಿಲ್ಕು, ಮೂರು ತಿಂಗಳಿಗಿಂತ ಹಳೆಯ ಬಾಕಿದಾರರು, ತೀರದ ದೂರುಗಳು, ಮುಗಿಯಲಿರುವ ಲಿಫ್ಟ್ ಮತ್ತು ಪಂಪ್ ಕರಾರು. ಸಭೆಯ ಮೊದಲ ಅರ್ಧ ಗಂಟೆ ಅವನು ಕೂರುತ್ತಾನೆ, ಸ್ಟಾಫಿನ ಸಂಬಳ ಮತ್ತು ದೂರಿನ ವಿಷಯ ಕೊನೆಗೆ, ಅವನು ಎದ್ದುಹೋದ ಮೇಲೆ. ಠರಾವಿನ ಕೆಳಗೆ ಯಾರು ಮಾಡಬೇಕು, ಯಾವ ತಾರೀಕಿಗೆ ಎಂದು ಇರದಿದ್ದರೆ ಮುಂದಿನ ಸಭೆಯಲ್ಲೂ ಅದೇ ಚರ್ಚೆ.

ಕಮಿಟಿಯ ಚುನಾವಣೆ ಹತ್ತಿರ ಬಂದಾಗ ಮೆಂಬರುಗಳ ಫೋನ್ ನಂಬರು, ಬಾಕಿದಾರರ ಪಟ್ಟಿ ಸ್ಟಾಫಿನ ಕೈಯಿಂದ ಯಾವ ಬಣಕ್ಕೂ ಹೋಗಬಾರದು. ಗೆದ್ದವರು ಮ್ಯಾನೇಜರನ್ನು ‘ಹಳೆಯವರ ಮನುಷ್ಯ’ ಎಂದು ತೆಗೆಯುವುದು ಹೆಚ್ಚಾಗಿ ಇಂಥದ್ದಕ್ಕೇ. ಅಧಿಕಾರ ವಹಿಸಿಕೊಡುವಾಗ ನಡಾವಳಿ ಪುಸ್ತಕ, ಮೆಂಬರುಗಳ ‘ಐ’ ಮತ್ತು ‘ಜೆ’ ರಿಜಿಸ್ಟರು, ಎಫ್‌ಡಿ ರಸೀದಿ, ಅಕೌಂಟಿಂಗ್ ಸಾಫ್ಟ್‌ವೇರಿನ ಪಾಸ್‌ವರ್ಡು, ಬೀಗದ ಕೈ ಎಲ್ಲವನ್ನೂ ಪಟ್ಟಿ ಮಾಡಿ ಎರಡೂ ಕಮಿಟಿಯವರ ಸಹಿ ಪಡೆಯಿರಿ. ಬ್ಯಾಂಕಿನಲ್ಲಿ ಸಹಿದಾರರು ಬದಲಾಗಲು ವಾರಗಳೇ ಹಿಡಿಯಬಹುದು, ಅಷ್ಟೂ ದಿನ ಸಂಬಳ ನಿಲ್ಲುತ್ತದೆ. ಹಳೆಯ ಕಮಿಟಿ ಆ ತಿಂಗಳ ಸಂಬಳದ ಚೆಕ್ಕಿಗೆ ಸಹಿ ಹಾಕಿಯೇ ಅಧಿಕಾರ ಬಿಡಲಿ. ಹೊಸಬರ ಮೊದಲ ಸಭೆಯ ಮೊದಲ ಠರಾವು ಬ್ಯಾಂಕಿನದ್ದಾಗಿರಲಿ.