ಕರಿಮೆಣಸು, ಮಕಂಡಿ ಬೇರು ಮತ್ತು ಲಿವರ್‌ನೊಳಗಿನ ವಿಟಮಿನ್ ಡಿ

ಬಿಸಿಲಿಗೆ ಚರ್ಮದಲ್ಲಿ ಹುಟ್ಟಿದ ವಿಟಮಿನ್ ಡಿ ಆಗಲಿ, ಮಾತ್ರೆಯಲ್ಲಿ ನುಂಗಿದ್ದಾಗಲಿ, ಲಿವರ್‌ಗೆ ಹೋಗಲೇಬೇಕು. ಅಲ್ಲಿ ಮುಖ್ಯವಾಗಿ ಸಿವೈಪಿ2ಆರ್1 ಎಂಬ ಕಿಣ್ವ ಅದನ್ನು 25-ಹೈಡ್ರಾಕ್ಸಿ ವಿಟಮಿನ್ ಡಿ ಮಾಡುತ್ತದೆ. ರಕ್ತ ಪರೀಕ್ಷೆಯ ರಿಪೋರ್ಟ್‌ನಲ್ಲಿ ಕಾಣುವ ಅಂಕಿ ಇದರದ್ದೇ. ಆಮೇಲೆ ಕಿಡ್ನಿಯ ಸರದಿ. ಇಷ್ಟು ಪಠ್ಯಪುಸ್ತಕದಲ್ಲಿ ಸಿಗುತ್ತದೆ.

ನನಗೆ ಆಸಕ್ತಿ ಇದ್ದದ್ದು ಲಿವರ್‌ನ ಇನ್ನೊಂದು ಕಿಣ್ವದಲ್ಲಿ, ಸಿವೈಪಿ3ಎ4. ಎಷ್ಟೋ ಔಷಧಿಗಳನ್ನು ಕರಗಿಸಿ ಹೊರಗೆ ಕಳಿಸುವುದು ಇದೇ. 25-ಹೈಡ್ರಾಕ್ಸಿ ವಿಟಮಿನ್ ಡಿಯನ್ನೂ ಇದು ಬಿಡುವುದಿಲ್ಲ, 4-ಬೀಟಾ ಎಂಬ ಜಾಗದಲ್ಲಿ ಬದಲಾಯಿಸಿ ಕೆಲಸಕ್ಕೆ ಬಾರದಂತೆ ಮಾಡಿಬಿಡುತ್ತದೆ. ಟಿಬಿಗೆ ಕೊಡುವ ರಿಫಾಂಪಿಸಿನ್, ಪಿಎಕ್ಸ್‌ಆರ್ ಎಂಬ ಗ್ರಾಹಕವನ್ನು (ಔಷಧಿ ಬಂದು ಕೂತರೆ ಕಿಣ್ವದ ತಯಾರಿಗೆ ಚಾಲನೆ ಕೊಡುವ, ಕೋಶದೊಳಗಿನ ಪ್ರೋಟೀನ್) ಚುರುಕುಗೊಳಿಸಿ ಈ ಕಿಣ್ವವನ್ನು ಜಾಸ್ತಿ ಮಾಡುತ್ತದೆ. ಮೂರ್ಛೆರೋಗದ ಕೆಲವು ಮಾತ್ರೆಗಳನ್ನು ವರ್ಷಗಟ್ಟಲೆ ತೆಗೆದುಕೊಂಡವರ ಮೂಳೆ ಮೆತ್ತಗಾಗುವುದಕ್ಕೆ ಈ ಕಿಣ್ವ ಹೀಗೆ ಹೆಚ್ಚುವುದೂ ಒಂದು ಕಾರಣ. ಯುರೋಪಿನ ಸೇಂಟ್ ಜಾನ್ಸ್ ವರ್ಟ್ ಗಿಡದ ಹೈಪರ್‌ಫೋರಿನ್ ಕೂಡ ಇದೇ ಪಿಎಕ್ಸ್‌ಆರ್ ಅನ್ನು ಹಿಡಿಯುತ್ತದೆ ಅಂತ 2000ದಲ್ಲೇ ತೋರಿಸಿದ್ದಾರೆ. ಹಾಗಾದರೆ ನಮ್ಮ ಕಡೆಯ ಗಿಡಗಳ ಕಥೆ ಏನು? ನಾನು ಆರಿಸಿಕೊಂಡದ್ದು ಕರಿಮೆಣಸು ಮತ್ತು ಮಕಂಡಿ ಬೇರು. ಮೆಣಸಿನಲ್ಲಿ ಪೈಪರಿನ್ ಇದೆ, ಮಕಂಡಿ ಬೇರಿನಲ್ಲಿ ಫೋರ್ಸ್ಕೋಲಿನ್.

ಇಲಿಯ ಮೇಲೆ ಮಾಡಿದರೆ ಸುಲಭ ಅಲ್ವಾ ಅಂತ ಹಲವರು ಕೇಳಿದರು. ಇಲಿಯ ಪಿಎಕ್ಸ್‌ಆರ್ ಬೇರೆ ಥರ. ಮನುಷ್ಯರಲ್ಲಿ ಅಷ್ಟು ಜೋರಾಗಿ ಕೆಲಸ ಮಾಡುವ ರಿಫಾಂಪಿಸಿನ್‌ಗೆ ಅದು ಹೆಚ್ಚುಕಮ್ಮಿ ಓಗೊಡುವುದೇ ಇಲ್ಲ. ಹಾಗಾಗಿ ಮನುಷ್ಯರ ಲಿವರ್ ಕೋಶಗಳೇ ಬೇಕು. ಲ್ಯಾಬ್‌ನಲ್ಲಿ ಬೆಳೆಸುವ ಇಂಥ ಕೋಶಗಳಲ್ಲಿ ಹೆಪ್‌ಜಿ2 ಎಂಬ ತಳಿ ಅಗ್ಗ, ಎಲ್ಲ ಲ್ಯಾಬ್‌ನಲ್ಲೂ ಇರುತ್ತದೆ. ಆದರೆ ಅದರಲ್ಲಿ ಸಿವೈಪಿ3ಎ4 ಇದ್ದೂ ಇಲ್ಲದಂತೆ. ನಾನು ಅದನ್ನು ವಿಷತ್ವ ನೋಡಲು ಮಾತ್ರ ಬಳಸಿದೆ. ಮುಖ್ಯ ಪ್ರಯೋಗಕ್ಕೆ ಹೆಪಾಆರ್‌ಜಿ ಎಂಬ ಇನ್ನೊಂದು ತಳಿ ತೆಗೆದುಕೊಂಡೆ. ಎರಡು ವಾರ ಬೆಳೆಸಬೇಕು, ಇನ್ನೆರಡು ವಾರ ಡಿಎಂಎಸ್‌ಒ ಎಂಬ ದ್ರಾವಕ ಹಾಕಿ ಹದಕ್ಕೆ ತರಬೇಕು. ತಾಳ್ಮೆ ಬೇಕು, ದುಡ್ಡೂ ಬೇಕು.

ಮೆಣಸಿನ ಪುಡಿಯನ್ನು ಅಂಗಡಿಯಿಂದ ತರಲಿಲ್ಲ. ಮಲೆನಾಡಿನ ಬೆಳೆಗಾರರೊಬ್ಬರಿಂದ ಇಡೀ ಕಾಳು ತರಿಸಿದೆ. ಮಕಂಡಿ ಬೇರನ್ನು ಗಿಡದ ಸಮೇತ ತಂದು, ಸಸ್ಯಶಾಸ್ತ್ರದವರಿಂದ ಗುರುತು ಹಿಡಿಸಿ, ಒಂದು ಹರ್ಬೇರಿಯಂ ಹಾಳೆ (ಒಣಗಿಸಿ ಅಂಟಿಸಿದ ಗಿಡದ ಮಾದರಿ) ಮಾಡಿಸಿಟ್ಟೆ. ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, 70% ಎಥನಾಲ್‌ನಲ್ಲಿ ನೆನೆಸಿ, ಸೋಸಿ, ರೋಟರಿ ಇವಾಪೊರೇಟರ್‌ನಲ್ಲಿ ಎಥನಾಲ್ ಆರಿಸಿದರೆ ಅಂಟಂಟು ಸಾರ ಸಿಗುತ್ತದೆ. ಅದರಲ್ಲಿ ಪೈಪರಿನ್, ಫೋರ್ಸ್ಕೋಲಿನ್ ಎಷ್ಟಿದೆ ಅಂತ ಎಚ್‌ಪಿಎಲ್‌ಸಿಯಲ್ಲಿ (ಮಿಶ್ರಣದ ಪದಾರ್ಥಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಅಳೆಯದೆ ಮುಂದೆ ಹೋಗಬೇಡಿ. ಪೈಪರಿನ್ ಬೆಳಕಿಗೆ ಕೆಡುತ್ತದೆ, ವಿಟಮಿನ್ ಡಿಯೂ ಅಷ್ಟೇ. ಸೀಸೆಗಳಿಗೆಲ್ಲ ಅಲ್ಯೂಮಿನಿಯಂ ಫಾಯಿಲ್ ಸುತ್ತಿದೆ.

ಸಾರದ ಬಣ್ಣ, ಅದರಲ್ಲಿರುವ ಪಾಲಿಫಿನಾಲ್ ಎಂಬ ಸಸ್ಯ ಪದಾರ್ಥಗಳು ತುಂಬಾ ಕಾಟ ಕೊಡುತ್ತವೆ. ವಿಷತ್ವ ನೋಡುವ ಎಂಟಿಟಿ ಪರೀಕ್ಷೆಯಲ್ಲಿ ಜೀವಂತ ಕೋಶ ಇದ್ದರೆ ನೇರಳೆ ಬಣ್ಣ ಬರಬೇಕು. ಪಾಲಿಫಿನಾಲ್‌ಗಳು ಕೋಶಗಳೇ ಇಲ್ಲದಿದ್ದರೂ ಆ ಬಣ್ಣ ಬರಿಸುತ್ತವೆ. ಸತ್ತ ಕೋಶಗಳೂ ಬದುಕಿದಂತೆ ಕಾಣುತ್ತವೆ! ಪ್ರತಿ ಪ್ಲೇಟ್‌ನಲ್ಲೂ ಕೋಶಗಳಿಲ್ಲದೆ ಬರೀ ಸಾರ ಹಾಕಿದ ವೆಲ್‌ಗಳನ್ನು (ಪ್ಲೇಟ್‌ನ ಪುಟ್ಟ ಗುಂಡಿಗಳು) ಇಟ್ಟೆ.

ಇನ್ನೊಂದು ಕಾಟ ಕೋಶ ಬೆಳೆಸುವ ದ್ರವಕ್ಕೆ ಹಾಕುವ ಸೀರಂನದ್ದು. ಅದರಲ್ಲಿರುವ ಪ್ರೋಟೀನ್ ವಿಟಮಿನ್ ಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೋಶದೊಳಗೆ ಬಿಡುವುದಿಲ್ಲ. ಸೀರಂ ತೆಗೆದರೆ ವಿಟಮಿನ್ ಡಿ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ. ಕೋಶಗಳೇ ತಿಂದುಹಾಕಿದವು ಅಂತ ನಾವು ಅಂದುಕೊಳ್ಳುತ್ತೇವೆ. ಸೀರಂ ಬಿಟ್ಟು, ಸ್ವಲ್ಪ ಆಲ್ಬುಮಿನ್ ಎಂಬ ಪ್ರೋಟೀನ್ ಸೇರಿಸಿ, ಕೊನೆಗೆ ವೆಲ್‌ಗಳನ್ನು ಮೆಥನಾಲ್‌ನಲ್ಲಿ ತೊಳೆದು, ಅಂಟಿಕೊಂಡಿದ್ದು ಎಷ್ಟು ಅಂತ ಆ ಮೆಥನಾಲ್‌ನಲ್ಲೂ ಅಳೆದೆ.

ಅಳತೆ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ, ಅದು ಅಣುಗಳನ್ನು ತೂಕದಿಂದ ಗುರುತಿಸುತ್ತದೆ. ಇಲ್ಲೊಂದು ಎಚ್ಚರಿಕೆ. ಸಿವೈಪಿ3ಎ4 ಕೊಡುವ 4-ಬೀಟಾ ಪದಾರ್ಥಕ್ಕೂ ಕಿಡ್ನಿ ಮಾಡುವ ಸಕ್ರಿಯ ವಿಟಮಿನ್ ಡಿಗೂ ತೂಕ ಒಂದೇ. ಅದಕ್ಕೂ ಮೊದಲು ಕಾಲಂನಲ್ಲಿ (ಪದಾರ್ಥಗಳನ್ನು ಬೇರ್ಪಡಿಸುವ ಕೊಳವೆ) ಎರಡನ್ನೂ ಬೇರೆ ಮಾಡದಿದ್ದರೆ ಒಂದನ್ನು ಇನ್ನೊಂದು ಅಂತ ಬರೆದುಬಿಡುತ್ತೀರಿ. ಡ್ಯೂಟೀರಿಯಂ (ಭಾರದ ಹೈಡ್ರೋಜನ್) ಇರುವ ಸ್ಟ್ಯಾಂಡರ್ಡ್ ಅನ್ನು, ಅಂದರೆ ಹೋಲಿಕೆಗೆ ಹಾಕುವ ಗೊತ್ತಾದ ಪ್ರಮಾಣದ ಮಾದರಿಯನ್ನು, ಮೊದಲ ಹಂತದಲ್ಲೇ ಬೆರೆಸಿ.

ಮೆಣಸಿನ ಫಲಿತಾಂಶ ಯಾವ ಹೊತ್ತಿಗೆ ನೋಡುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಅರ್ಧ ಗಂಟೆಯಲ್ಲಿ ನೋಡಿದರೆ ಪೈಪರಿನ್ ಸಿವೈಪಿ3ಎ4ಗೆ ಅಡ್ಡ ನಿಂತಿರುತ್ತದೆ, 4-ಬೀಟಾ ಕಮ್ಮಿ. ಸಾರವನ್ನು 48 ಗಂಟೆ ಬಿಟ್ಟು, ತೊಳೆದು, ಆಮೇಲೆ ವಿಟಮಿನ್ ಡಿ ಹಾಕಿದರೆ ಉಲ್ಟಾ, 4-ಬೀಟಾ ಜಾಸ್ತಿ. ಪೈಪರಿನ್ ಅಷ್ಟರಲ್ಲಿ ಪಿಎಕ್ಸ್‌ಆರ್ ಮೂಲಕ ಕಿಣ್ವವನ್ನೇ ಹೆಚ್ಚಿಸಿರುತ್ತದೆ. ಆದರೂ ಪಕ್ಕದ ವೆಲ್‌ನಲ್ಲಿದ್ದ 10 ಮೈಕ್ರೋಮೋಲಾರ್ ರಿಫಾಂಪಿಸಿನ್‌ನಷ್ಟು ಏರಲಿಲ್ಲ. ಒಂದೇ ಸಮಯದಲ್ಲಿ ಅಳೆದು "ಮೆಣಸು ವಿಟಮಿನ್ ಡಿ ಉಳಿಸುತ್ತದೆ" ಅಂತ ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಮಕಂಡಿ ಬೇರು ಇಷ್ಟು ಗೋಜಲಿಲ್ಲ, ಕಿಣ್ವ ಏರಿತು. ಆದರೆ ಫೋರ್ಸ್ಕೋಲಿನ್ ಕೋಶದೊಳಗೆ ಸಿಎಎಂಪಿ ಎಂಬ ಸಂದೇಶವಾಹಕ ಅಣುವನ್ನೂ ಏರಿಸುತ್ತದೆ. ಏರಿಕೆ ಅದರಿಂದಲೋ ಪಿಎಕ್ಸ್‌ಆರ್‌ನಿಂದಲೋ? ಸಿಎಎಂಪಿ ಏರಿಸದ, ಫೋರ್ಸ್ಕೋಲಿನ್‌ನಂಥದೇ 1,9-ಡೈಡಿಆಕ್ಸಿ ಫೋರ್ಸ್ಕೋಲಿನ್ ಹಾಕಿ ನೋಡಿದೆ. ಆಗಲೂ ಏರಿತು. ಹಾಗಾಗಿ ಪಿಎಕ್ಸ್‌ಆರ್ ಅಂತಲೇ ಬರೆದುಕೊಂಡೆ.

ಮನೆಯಲ್ಲಿ ಕೇಳುವ ಪ್ರಶ್ನೆ ಒಂದೇ: ಸಾರಿಗೆ ಮೆಣಸು ಹಾಕಬಾರದಾ? ಸುಮ್ನೆ ಹಾಕಿ. ಪ್ಲೇಟ್‌ನಲ್ಲಿ ಕೋಶಗಳು ಎರಡು ದಿನ ಸಾರದಲ್ಲೇ ಮುಳುಗಿರುತ್ತವೆ, ಊಟದ ಮೆಣಸು ಲಿವರ್‌ಗೆ ಹಾಗೆ ತಲುಪುವುದಿಲ್ಲ. ದಿನಾ ಪೈಪರಿನ್ ಅಥವಾ ಫೋರ್ಸ್ಕೋಲಿನ್ ಕ್ಯಾಪ್ಸೂಲ್ ನುಂಗುವವರ ವಿಷಯ ಬೇರೆ. ಅದರ ಜೊತೆ ಟಿಬಿ ಅಥವಾ ಮೂರ್ಛೆರೋಗದ ಮಾತ್ರೆಯೂ ಇದ್ದರೆ, ಡಾಕ್ಟರಿಗೆ ಆ ಡಬ್ಬಿಯನ್ನೇ ತೋರಿಸಿ.