ಮಿಲ್ಕ್ ಥಿಸಲ್ ಮೈಗೆ ಹತ್ತಬೇಕಾದರೆ

ಮಿಲ್ಕ್ ಥಿಸಲ್ ಒಂದು ಮುಳ್ಳುಗಿಡ; ಅದರ ಬೀಜದ ಸಾರವನ್ನು ಯಕೃತ್ತಿಗೆ ಒಳ್ಳೆಯದೆಂದು ತೆಗೆದುಕೊಳ್ಳುತ್ತಾರೆ. ಅದರ ಕ್ಯಾಪ್ಸೂಲ್ ಒಂದನ್ನು ಬಿಚ್ಚಿ, ಪುಡಿಯನ್ನು ಒಂದು ಲೋಟ ನೀರಿಗೆ ಹಾಕಿ ಕಲಕಿ. ಸ್ವಲ್ಪ ಹೊತ್ತು ಬಿಟ್ಟರೆ ಹಳದಿ ಮಿಶ್ರಿತ ಕಂದು ಪುಡಿ ತಳ ಹಿಡಿದಿರುತ್ತದೆ. ತೊಂದರೆಯ ಮೂಲವೇ ಇದು. ಬೀಜದಲ್ಲಿರುವ ಔಷಧಾಂಶವಾದ ಸಿಲಿಮರಿನ್ ನೀರಿನಲ್ಲಿ ಸರಿಯಾಗಿ ಕರಗದು, ಎಣ್ಣೆಯಲ್ಲೂ ಅಷ್ಟಕ್ಕಷ್ಟೆ. ಕರುಳು ಹೀರಿಕೊಂಡಷ್ಟನ್ನೂ ಯಕೃತ್ತು ಬೇಗ ರೂಪಾಂತರಿಸಿ ಪಿತ್ತರಸದ ಜೊತೆ ಹೊರಗೆ ಕಳಿಸುತ್ತದೆ.

ಹಾಗಾಗಿ ಬೀಜದ ಕಷಾಯ, ಚಹಾ ಕುಡಿದು ಸಿಲಿಮರಿನ್ ಸಿಕ್ಕಿತು ಎಂದುಕೊಳ್ಳಬೇಡಿ. ಬೀಜದಲ್ಲಿರುವುದೇ ಸುಮಾರು 1.5ರಿಂದ 3%, ಅದರಲ್ಲೂ ಬಹುಪಾಲು ಸೋಸಿದ ಗಸಿಯಲ್ಲೇ ಉಳಿಯುತ್ತದೆ.

ಕೊಳ್ಳುವಾಗ ಲೇಬಲ್‌ನ ದೊಡ್ಡ ಸಂಖ್ಯೆಗೆ ಮರುಳಾಗದೆ ಲೆಕ್ಕ ಹಾಕಿ. ‘ಸಾರ 175 ಮಿ.ಗ್ರಾಂ, 80% ಸಿಲಿಮರಿನ್’ ಎಂದಿದ್ದರೆ ಸಿಲಿಮರಿನ್ 140 ಮಿ.ಗ್ರಾಂ. ವಯಸ್ಕರಿಗೆ ರೂಢಿಯ ಪ್ರಮಾಣ ಇದೇ, ದಿನಕ್ಕೆ 3 ಬಾರಿ. ಒಂದೇ ಸಲಕ್ಕೆ ನುಂಗಬೇಡಿ, ರಕ್ತದಲ್ಲಿ ಅದು ಹೆಚ್ಚು ಹೊತ್ತು ಉಳಿಯುವುದಿಲ್ಲ. ಬರೀ ‘ಬೀಜದ ಪುಡಿ 500 ಮಿ.ಗ್ರಾಂ’ ಎಂದಿದ್ದರೆ ಅದರಲ್ಲಿ ಸಿಲಿಮರಿನ್ 15 ಮಿ.ಗ್ರಾಂ ಸಿಕ್ಕರೆ ಹೆಚ್ಚು.

ಹೀರಿಕೆ ನಿಜವಾಗಿ ಹೆಚ್ಚಬೇಕೆಂದರೆ ಫೈಟೊಸೋಮ್ ರೂಪ ನೋಡಿ. ಸಿಲಿಮರಿನ್‌ನ ಮುಖ್ಯ ಅಂಶವಾದ ಸಿಲಿಬಿನ್ ಅನ್ನು ಫಾಸ್ಫಾಟಿಡಿಲ್‌ಕೋಲಿನ್ ಎಂಬ ಕೊಬ್ಬಿನ ಅಣುವಿಗೆ ಕಟ್ಟಿದ್ದು ಇದು. ಕರುಳಿನ ಜೀವಕೋಶಗಳ ಪೊರೆಯೂ ಬಹುಪಾಲು ಅಂಥದ್ದೇ ಅಣುಗಳಿಂದಾದದ್ದು, ಆದ್ದರಿಂದ ದಾಟುವುದು ಸುಲಭ. ರಕ್ತಕ್ಕೆ ಸೇರುವ ಸಿಲಿಬಿನ್ ಹಲವು ಪಟ್ಟು ಹೆಚ್ಚುತ್ತದೆ. ಆದರೆ ಇಂಥ ಸಂಯುಕ್ತದಲ್ಲಿ ಸಿಲಿಬಿನ್ ಸಾಮಾನ್ಯವಾಗಿ ಮೂರನೇ ಒಂದು ಭಾಗ: 240 ಮಿ.ಗ್ರಾಂನಲ್ಲಿ ಸುಮಾರು 80. ಸಾದಾ ಸಾರದ ಮಿಲಿಗ್ರಾಂ ಜೊತೆ ಇದನ್ನು ನೇರವಾಗಿ ಹೋಲಿಸಬಾರದು. ಪ್ರಮಾಣಕ್ಕೆ ಆಯಾ ಲೇಬಲ್ಲನ್ನೇ ಅನುಸರಿಸಿ.

ಫಾಸ್ಫಾಟಿಡಿಲ್‌ಕೋಲಿನ್ ಇರುವ ಲೆಸಿಥಿನ್ ತಂದು ಪುಡಿಯ ಜೊತೆ ಮನೆಯಲ್ಲೇ ಕಲಸಿದರೆ ಫೈಟೊಸೋಮ್ ಆಗುವುದಿಲ್ಲ. ಎರಡನ್ನೂ ದ್ರಾವಕದಲ್ಲಿ ಕರಗಿಸಿ, ಅಣುಗಳು ಒಂದಕ್ಕೊಂದು ಅಂಟಿಕೊಂಡ ಮೇಲೆ ದ್ರಾವಕ ತೆಗೆಯಬೇಕು. ಚಮಚದಲ್ಲಿ ಕಲಕಿದರೆ ಆಗುವ ಕೆಲಸವಲ್ಲ.

ಶುರು ಮಾಡುವ ಮೊದಲು ಯಕೃತ್ತಿನ ರಕ್ತಪರೀಕ್ಷೆ ಮಾಡಿಸಿ. ಎಷ್ಟು ದಿನಕ್ಕೆ ಮತ್ತೆ ಮಾಡಿಸಬೇಕೆಂದು ವೈದ್ಯರನ್ನು ಕೇಳಿ. ಎಎಲ್‌ಟಿ (ಯಕೃತ್ತಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವ) ಇಳಿಯದಿದ್ದರೆ ಪ್ರಮಾಣ ಏರಿಸಿ ಫಲವಿಲ್ಲದಿರಬಹುದು: 2012ರಲ್ಲಿ ಪ್ರಕಟವಾದ ಹೆಪಟೈಟಿಸ್-ಸಿ ಪ್ರಯೋಗದಲ್ಲಿ ದಿನಕ್ಕೆ 3 ಬಾರಿ 700 ಮಿ.ಗ್ರಾಂ ಕೊಟ್ಟರೂ ಹುಸಿಮಾತ್ರೆಗಿಂತ ಹೆಚ್ಚಿನ ಗುಣ ಕಾಣಲಿಲ್ಲ. ಮದ್ಯ ಬಿಡದೆ ಕ್ಯಾಪ್ಸೂಲ್ ನುಂಗುವುದಂತೂ ದಂಡ.

ಸೇವಂತಿಗೆ, ಚೆಂಡುಹೂವು ಕುಟುಂಬದ ಗಿಡಗಳ ಅಲರ್ಜಿ ಇದ್ದವರಿಗೆ ಇದು ಬೇಡ. ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧ), ಸಿರೊಲಿಮಸ್ (ಅಂಗ ಕಸಿಯಾದವರಿಗೆ ಕೊಡುವ ಔಷಧ), ಸಕ್ಕರೆ ಕಾಯಿಲೆಯ ಔಷಧ ತೆಗೆದುಕೊಳ್ಳುವವರು, ಗರ್ಭಿಣಿಯರು, ಹಾಲುಣಿಸುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಭೇದಿಯಾದರೆ ಊಟದ ಜೊತೆ ತೆಗೆದುಕೊಂಡು ನೋಡಿ, ನಿಲ್ಲದಿದ್ದರೆ ಬಿಡಿ. ಕಣ್ಣು ಹಳದಿಯಾದರೆ, ಪ್ಯಾರಸಿಟಮಾಲ್ ಮಿತಿಮೀರಿದರೆ, ವಿಷದ ಅಣಬೆ ತಿಂದಿದ್ದರೆ ಕ್ಯಾಪ್ಸೂಲ್ ಹುಡುಕುತ್ತ ಕೂರದೆ ಆಸ್ಪತ್ರೆಗೆ ಓಡಿ. ಅಣಬೆ ವಿಷಕ್ಕೆ ಸಿಲಿಬಿನ್ ಕೊಡುವುದುಂಟು, ಆದರೆ ಅದು ರಕ್ತನಾಳಕ್ಕೆ ಹನಿಸುವ ಔಷಧ.